ಒಂದೇ ಟ್ಯಾಟಿಂಗ್ ಹೂವಿನಿಂದ ಲೋಲಾಕು, ಬ್ರೇಸ್‌ಲೆಟ್, ರಾಖಿ, ಬುಕ್‌ಮಾರ್ಕ್: ಸಮಗ್ರ ಮಾರ್ಗದರ್ಶಿ

ಪುಟ್ಟ ಲಾಳಿಯಿಂದ ದಾರಕ್ಕೆ ಗಂಟು ಹಾಕುತ್ತಾ ಲೇಸ್ ಮಾಡುವ ಕಲೆಯೇ ಟ್ಯಾಟಿಂಗ್. ಅದನ್ನು ಕಲಿಯಲು ಹೊರಟವರು ಮೊದಲ ವಾರವೇ ಮೇಜುಹಾಸಿನ ಮಾದರಿ ಹುಡುಕುತ್ತಾರೆ. ಆ ಮೇಜುಹಾಸು ಮುಗಿಯುವುದಿಲ್ಲ. ಅಂಗೈ ಅಗಲದ ಲೇಸಿಗೆ ಒಂದು ಸಂಜೆ ಪೂರ್ತಿ ಬೇಡುವ ಕಲೆ ಇದು. ಹಾಗಾಗಿ ಆಭರಣ ಮತ್ತು ಚಿಕ್ಕ ಉಡುಗೊರೆಗಳಿಗೇ ಇದು ಹೇಳಿ ಮಾಡಿಸಿದ್ದು ಎಂಬುದು ನನ್ನ ಅಭಿಪ್ರಾಯ. ಎರಡು ಸೆಂಟಿಮೀಟರ್ ಅಗಲದ ಹೂವೊಂದನ್ನು ಚೆನ್ನಾಗಿ ಕಲಿತರೆ ಲೋಲಾಕು, ಪದಕ, ಬ್ರೇಸ್‌ಲೆಟ್, ರಾಖಿ, ಬುಕ್‌ಮಾರ್ಕ್ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ಈ ಬರಹದಲ್ಲಿ ಇರುವುದು ಆ ಒಂದು ಹೂವೇ.

ಕ್ರೋಶಾದಲ್ಲಿ ಕುಣಿಕೆಯೊಳಗೆ ಕುಣಿಕೆ ಎಳೆಯುತ್ತೇವೆ. ಕೊನೆಯ ಕುಣಿಕೆ ಜಾರಿದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಟ್ಯಾಟಿಂಗ್‌ನಲ್ಲಿ ಹಾಗಲ್ಲ. ಒಂದು ನೇರ ದಾರದ ಮೇಲೆ ಇನ್ನೊಂದು ದಾರ ಗಂಟು ಗಂಟಾಗಿ ಕೂರುತ್ತದೆ. ಲೇಸ್ ಎಂದರೆ ಬರೀ ಗಂಟುಗಳು. ದಿನವೂ ಕೂದಲಿಗೆ, ದುಪಟ್ಟಾಕ್ಕೆ ತಾಗುವ ಓಲೆಯೂ ವರ್ಷಗಟ್ಟಲೆ ಬಾಳುವುದು ಇದರಿಂದ. ತಪ್ಪಾದರೆ ಬಿಚ್ಚುವುದು ಪ್ರಾಣಸಂಕಟವಾಗುವುದೂ ಇದರಿಂದಲೇ.

ಬೇಕಾಗುವ ಸಾಮಾನು

ದಾರದ ವಿಷಯದಲ್ಲಿ ಜಿಪುಣತನ ಬೇಡ. ಮರ್ಸರೈಸ್ ಮಾಡಿದ (ಹೊಳಪು, ಗಟ್ಟಿತನ ಬರುವಂತೆ ಸಂಸ್ಕರಿಸಿದ), ಬಿಗಿಯಾಗಿ ಹುರಿಮಾಡಿದ ಹತ್ತಿಯ ಕ್ರೋಶಾ ದಾರವೇ ಆಗಬೇಕು. ನಮ್ಮ ಊರಿನ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಆಂಕರ್ ಕಂಪನಿಯ ಉಂಡೆಗಳು ಸಿಗುತ್ತವೆ. ಟ್ಯಾಟಿಂಗ್‌ಗೆಂದೇ ಇರುವ ಲಿಜ್ಬೆತ್ ದಾರವನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ಉಂಡೆಯ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು. ಕೈ ಪಳಗಿಸಲು 10, ಆಭರಣಕ್ಕೆ 20, ನುರಿತ ಮೇಲೆ 40. ಕಸೂತಿಯ ಆರೆಳೆ ದಾರ ಎಳೆಬಿಟ್ಟುಕೊಳ್ಳುತ್ತದೆ, ಬೇಡ. ಬಳೆ ಸುತ್ತುವ ಹೊಳಪಿನ ‘ಸಿಲ್ಕ್ ಥ್ರೆಡ್’ ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಜರಿ ದಾರವಂತೂ ಕಲಿಯುವವರ ಕೈಗೆ ಬರಲೇಬಾರದು.

ಶಟಲ್ ಎಂದರೆ ದೋಣಿಯಾಕಾರದ, ಬೆರಳುದ್ದದ ಪುಟ್ಟ ಲಾಳಿ. ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಪ್ಲಾಸ್ಟಿಕ್ ಶಟಲ್ ಸಾಕು. ದಾರ ಬಿಡುವಾಗ ಅದರ ಎರಡು ತುದಿಗಳ ನಡುವೆ ‘ಟಿಕ್’ ಎಂದು ಸದ್ದಾಗಬೇಕು, ಅಂದರೆ ತುದಿಗಳು ಬಿಗಿಯಾಗಿವೆ ಎಂದರ್ಥ. ಸದ್ದಿಲ್ಲದೆ ದಾರ ಹರಿದು ಬಂದರೆ ಆ ಶಟಲ್ ಕೆಲಸದ ನಡುವೆ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳುತ್ತದೆ. ಕೊಕ್ಕೆ ಇಲ್ಲದ ಶಟಲ್ ಆದರೆ 0.6 ಮಿ.ಮೀ. ಕ್ರೋಶಾ ಕಡ್ಡಿ ಬೇಕು. ಇದರ ಜೊತೆಗೆ ಚೂಪು ಕತ್ತರಿ, ಸಣ್ಣ ಕಣ್ಣಿನ ಸೂಜಿ, ತುಕ್ಕು ಹಿಡಿಯದ ಗುಂಡುಸೂಜಿ, ಥರ್ಮೋಕೋಲ್ ತುಂಡು, ಬಿಳಿ ಅಂಟು.

ಆಭರಣಕ್ಕೆ 11/0 ಅಳತೆಯ ಗಾಜಿನ ಮಣಿ (ಸುಮಾರು 2 ಮಿ.ಮೀ.), 4 ಅಥವಾ 5 ಮಿ.ಮೀ. ಜಂಪ್ ರಿಂಗ್ (ಸೀಳು ಇರುವ ಪುಟ್ಟ ಲೋಹದ ಬಳೆ), ಓಲೆಯ ಕೊಂಡಿ, ಎರಡು ಪುಟ್ಟ ಇಕ್ಕಳ. ಬೆಂಗಳೂರಿನವರಿಗೆ ಮಾಮೂಲ್‌ಪೇಟೆಯ ಒಂದು ಸುತ್ತಿನಲ್ಲಿ ಇವೆಲ್ಲ ಸಿಗುತ್ತವೆ. ಉಳಿದ ಊರುಗಳಲ್ಲಿ ಸೀರೆ ಕುಚ್ಚು ಕಟ್ಟುವವರನ್ನು ಕೇಳಿ, ಮಣಿ ಎಲ್ಲಿ ಸಿಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೊಂಡಿ ಮಾತ್ರ ಬೆಳ್ಳಿಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ. ಅಗ್ಗದ ಕೊಂಡಿಯ ನಿಕ್ಕಲ್‌ಗೆ ಕಿವಿ ತುರಿಸಿದರೆ ನಿಮ್ಮ ಉಡುಗೊರೆ ಡಬ್ಬಿಯಿಂದ ಹೊರಗೆ ಬರುವುದೇ ಇಲ್ಲ.

ಜೋಡಿ ಗಂಟು: ಇಡೀ ಕಲೆ ಇರುವುದು ಇಲ್ಲೇ

ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ದಾರದ ತುದಿ ಹಿಡಿಯಿರಿ. ದಾರವನ್ನು ಉಳಿದ ಬೆರಳುಗಳ ಹಿಂದಿನಿಂದ ಸುತ್ತಿ ತಂದು ಮತ್ತೆ ಅದೇ ಚಿವುಟಿನಲ್ಲಿ ಸಿಕ್ಕಿಸಿ. ಈಗ ಕೈಸುತ್ತ ಒಂದು ಕುಣಿಕೆ, ಬಲಗೈಯಲ್ಲಿ ಶಟಲ್, ನಡುವೆ ಒಂದು ಗೇಣು ದಾರ.

ಮೊದಲರ್ಧ: ಶಟಲ್‌ನ ದಾರವನ್ನು ಬಲಗೈ ಬೆರಳುಗಳ ಮೇಲೆ ಹೊದಿಸಿಕೊಳ್ಳಿ. ಶಟಲ್ಲನ್ನು ಕುಣಿಕೆಯ ದಾರದ ಕೆಳಗಿನಿಂದ ದೂಡಿ, ಅದರ ಮೇಲಿನಿಂದ ಹಿಂದಕ್ಕೆ ತನ್ನಿ. ಈಗ ಶಟಲ್ ದಾರ ಕುಣಿಕೆಯ ದಾರಕ್ಕೆ ಸುತ್ತಿಕೊಂಡಿರುತ್ತದೆ. ನಮಗೆ ಬೇಕಾದದ್ದು ಇದರ ತದ್ವಿರುದ್ಧ. ಎಡಗೈಯ ನಡುಬೆರಳನ್ನು ಸಡಿಲಿಸಿ, ಬಲಗೈಯ ದಾರವನ್ನು ತಂತಿಯಂತೆ ನೇರಕ್ಕೆ ಬಿಗಿಯಿರಿ. ಸುತ್ತು ಒಂದು ದಾರದಿಂದ ಇನ್ನೊಂದಕ್ಕೆ ಮಗುಚಿಕೊಳ್ಳುತ್ತದೆ. ಕಣ್ಣಿಟ್ಟು ನೋಡಿದರೆ ಆ ಕ್ಷಣ ಕಾಣಿಸುತ್ತದೆ. ಬಲಗೈ ಬಿಗಿಯನ್ನು ಬಿಡದೆ ನಡುಬೆರಳನ್ನು ಮೇಲೆತ್ತಿದರೆ ಗಂಟು ಚಿವುಟಿನ ಬಳಿಗೆ ಜಾರುತ್ತದೆ.

ಎರಡನೆಯ ಅರ್ಧ: ಶಟಲ್ ಈಗ ಕುಣಿಕೆಯ ದಾರದ ಮೇಲಿನಿಂದ ಹೋಗಿ ಕೆಳಗಿನಿಂದ ಬರಬೇಕು. ಉಳಿದದ್ದೆಲ್ಲ ಅದೇ: ಸಡಿಲಿಸು, ಬಿಗಿ, ಮಗುಚು, ಜಾರಿಸು. ಎರಡು ಅರ್ಧ ಸೇರಿ ಒಂದು ಜೋಡಿ ಗಂಟು. ಮಾದರಿಗಳಲ್ಲಿ ಬರುವ ಸಂಖ್ಯೆಗಳೆಲ್ಲ ಈ ಜೋಡಿ ಗಂಟುಗಳ ಲೆಕ್ಕ.

ಹತ್ತು ಗಂಟು ಹಾಕಿದ ಮೇಲೆ ಶಟಲ್ ದಾರವನ್ನು ಮೆಲ್ಲಗೆ ಅತ್ತ ಇತ್ತ ಎಳೆದು ನೋಡಿ. ಗಂಟುಗಳ ಒಳಗೆ ಅದು ಸಲೀಸಾಗಿ ಓಡಾಡಿದರೆ ಸರಿಯಾಗಿದೆ. ಎಲ್ಲೋ ಸಿಕ್ಕಿಕೊಂಡರೆ ಅಲ್ಲಿ ಒಂದು ಅರ್ಧ ಮಗುಚಿಲ್ಲ; ಸೂಜಿಯಿಂದ ಅಷ್ಟನ್ನು ಬಿಡಿಸಿ ಮತ್ತೆ ಹಾಕಿ. ಎರಡು ಕೈಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ ಅಭ್ಯಾಸ ಮಾಡಿದರೆ ಯಾವ ಬಣ್ಣ ಗಂಟಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಗಂಟಿನಲ್ಲಿ ಕಾಣಬೇಕಾದದ್ದು ಎಡಗೈಯ ಬಣ್ಣ. ಈ ಮಗುಚುವಿಕೆ ಕೈಗೆ ಹತ್ತುವವರೆಗೂ ಮುಂದಿನ ಭಾಗಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಕೆಲವರಿಗೆ ಅರ್ಧ ಗಂಟೆ ಸಾಕು, ಕೆಲವರಿಗೆ ಒಂದು ವಾರ ಬೇಕು. ಬೇಗ ಕಲಿತವರ ಲೇಸೇ ಚೆಂದ ಎಂಬ ನಿಯಮವೇನೂ ಇಲ್ಲ.

ಪೀಕೋ, ರಿಂಗ್, ಚೈನ್, ಕೂಡಿಕೆ

ಎರಡು ಜೋಡಿ ಗಂಟುಗಳ ನಡುವೆ ಬೇಕೆಂದೇ ಸ್ವಲ್ಪ ದಾರ ಬಿಟ್ಟು, ಮುಂದಿನ ಗಂಟನ್ನು ಹಿಂದಿನದಕ್ಕೆ ಒತ್ತಿದರೆ ಮೇಲಕ್ಕೆ ಎದ್ದು ನಿಲ್ಲುವ ಪುಟ್ಟ ಕುಣಿಕೆಯೇ ಪೀಕೋ. ಸೀರೆ ಅಂಚಿಗೆ ಹಾಕಿಸುವ ಪೀಕೋ ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ. ಬಿಟ್ಟ ದಾರದ ಅರ್ಧದಷ್ಟು ಎತ್ತರ ಪೀಕೋಗೆ ಬರುತ್ತದೆ. ಒಂದೇ ಹೂವಿನಲ್ಲಿ ಒಂದು ಪೀಕೋ ದೊಡ್ಡದು, ಒಂದು ಚಿಕ್ಕದು ಆದರೆ ಎಷ್ಟು ಅಂಟು ಹಚ್ಚಿದರೂ ಆ ಸೊಟ್ಟ ಹೋಗುವುದಿಲ್ಲ. ಹಾಳೆಯ ಅಳತೆಪಟ್ಟಿ ಮಾಡಿಕೊಳ್ಳಿ: ಗಟ್ಟಿ ರಟ್ಟನ್ನು 3 ಮತ್ತು 5 ಮಿ.ಮೀ. ಅಗಲಕ್ಕೆ ಕತ್ತರಿಸಿ, ಪೀಕೋ ದಾರವನ್ನು ಅದರ ಸುತ್ತ ತಂದು ಗಂಟು ಹಾಕಿದರೆ ಎಲ್ಲವೂ ಒಂದೇ ಎತ್ತರ.

ರಿಂಗ್ ಎಂದರೆ ಕೈಸುತ್ತಿನ ಕುಣಿಕೆಯಲ್ಲಿ ಬೇಕಾದಷ್ಟು ಗಂಟು ಹಾಕಿ, ಶಟಲ್ ದಾರವನ್ನು ಎಳೆದು ಮುಚ್ಚುವುದು. ಇದಕ್ಕೆ ಶಟಲ್ ದಾರವೊಂದೇ ಸಾಕು. ಚೈನ್ ಎಂಬುದು ಕಮಾನು. ಅದಕ್ಕೆ ಎರಡನೆಯ ದಾರ ಬೇಕು, ಅದು ಉಂಡೆಯಿಂದ ಬರುತ್ತದೆ. ರಿಂಗ್ ಮುಗಿದ ಮೇಲೆ ಕೆಲಸವನ್ನು ತಲೆಕೆಳಗೆ ತಿರುಗಿಸಿ, ಉಂಡೆಯ ದಾರವನ್ನು ಎಡಗೈ ಬೆರಳುಗಳ ಮೇಲೆ ಹಾಯಿಸಿ, ಕಿರುಬೆರಳಿಗೆ ಎರಡು ಸುತ್ತು ಸುತ್ತಿ, ಶಟಲ್‌ನಿಂದ ಎಂದಿನಂತೆ ಗಂಟು ಹಾಕುತ್ತಾ ಹೋಗುವುದು. ಮುಂದಿನ ರಿಂಗಿಗೆ ಮುಂಚೆ ಮತ್ತೆ ತಿರುಗಿಸುವುದು. ಚೈನ್ ಮುಗಿದಾಗಲೆಲ್ಲ ಶಟಲ್ ದಾರವನ್ನು ಹದವಾಗಿ ಜಗ್ಗಿ. ಹೆಚ್ಚು ಎಳೆದರೆ ಕಮಾನು ಮುದುಡುತ್ತದೆ, ಕಡಿಮೆಯಾದರೆ ಗಂಟುಗಳ ನಡುವೆ ದಾರ ಇಣುಕುತ್ತದೆ.

ಕೂಡಿಕೆಯ ಕ್ರಮ ಹೀಗೆ: ಹಳೆಯ ಪೀಕೋದೊಳಗೆ ಕೊಕ್ಕೆ ತೂರಿಸಿ, ಎಡಗೈಯ ದಾರವನ್ನು ಕುಣಿಕೆಯಾಗಿ ಮೇಲಕ್ಕೆ ಎಳೆಯಿರಿ, ಆ ಕುಣಿಕೆಯೊಳಗೆ ಶಟಲ್ ದಾಟಿಸಿ, ಎಡಗೈ ಬೆರಳಿನಿಂದ ಕುಣಿಕೆಯನ್ನು ಹಿಂದಕ್ಕೆ ಜಗ್ಗಿ ಗಂಟುಗಳ ಸಾಲಿಗೆ ಕೂರಿಸಿ. ಈಗಲೂ ಶಟಲ್ ದಾರ ಒಳಗೆ ಓಡಾಡಬೇಕು. ಕೂಡಿಕೆಯನ್ನು ಗಂಟಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ, ಅದಾದ ಮೇಲೆ ಪೂರ್ತಿ ಜೋಡಿ ಗಂಟಿನಿಂದ ಶುರು ಮಾಡಿ.

ಮಣಿಯನ್ನು ಯಾವ ದಾರಕ್ಕೆ ಪೋಣಿಸಬೇಕು?

ಹೊಸಬರು ಎಡವುವ ಜಾಗ ಇದು. ಎಡಗೈಯಲ್ಲಿರುವ ದಾರದ ಮೇಲಿನ ಮಣಿ ಮಾತ್ರ ಪೀಕೋದಲ್ಲಿ ಕೂರುತ್ತದೆ. ಚೈನಿನಲ್ಲಿ ಎಡಗೈ ದಾರ ಉಂಡೆಯದು, ಆದ್ದರಿಂದ ಮಣಿ ಉಂಡೆಯ ಕಡೆ ಇರಬೇಕು. ರಿಂಗಿನಲ್ಲಿ ಎಡಗೈ ಕುಣಿಕೆಯೂ ಶಟಲ್ ದಾರವೇ. ಅಲ್ಲಿಗೆ ಬೇಕಾದ ಮಣಿಗಳನ್ನು ಶಟಲ್‌ಗೆ ಸುತ್ತುವ ಮುಂಚೆಯೇ ಪೋಣಿಸಿ, ರಿಂಗ್ ಶುರುವಾಗುವಾಗ ಕುಣಿಕೆಯೊಳಗೆ ತಂದಿಟ್ಟುಕೊಳ್ಳಬೇಕು. ಮಣಿಯನ್ನು ಆಮೇಲೆ ಸೇರಿಸೋಣ ಎಂದರೆ ಹೊಲಿಯುವುದೊಂದೇ ದಾರಿ.

ಟ್ಯಾಟಿಂಗ್‌ಗೆ ಮುತ್ತು ರತ್ನ ಸೇರಿಸುವುದು ಇಂದಿನ ಖಯಾಲಿಯೇನಲ್ಲ. ಕಾರ್ಮೆನ್ ಸಿಲ್ವಾ ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದ ರುಮೇನಿಯಾದ ರಾಣಿ ಎಲಿಜಬೆತ್ ಟ್ಯಾಟಿಂಗ್‌ನಲ್ಲಿ ಪಳಗಿದ ಕೈ. ಇಗರ್ಜಿಯ ವಸ್ತ್ರಗಳಿಗೆ ಆಕೆ ಮುತ್ತು, ಹರಳು ಸೇರಿಸಿದ ಲೇಸ್ ಮಾಡುತ್ತಿದ್ದಳು. ನಮಗೆ ಗಾಜಿನ ಮಣಿ ಸಾಕು.

ಹೂವು, ಹೆಜ್ಜೆ ಹೆಜ್ಜೆಯಾಗಿ

ಇದು ಆರೆಸಳಿನ ಹೂವು: ಒಳಗೆ ಆರು ರಿಂಗ್, ಹೊರಗೆ ಆರು ಚೈನ್. ಎಲ್ಲ ರಿಂಗುಗಳೂ ನಡುವಿನ ಒಂದೇ ದೊಡ್ಡ ಪೀಕೋಗೆ ಕೂಡುತ್ತವೆ. ಕೆಳಗಿನ ಬರಹದಲ್ಲಿ ಅಡ್ಡಗೆರೆ (–) ಎಂದರೆ ಪೀಕೋ, ಕೂಡಿಸು ಗುರುತು (+) ಎಂದರೆ ಕೂಡಿಕೆ.

1. 20ರ ದಾರದ ತುದಿಗೆ ಐದು ಮಣಿ ಪೋಣಿಸಿ ಉಂಡೆಯ ಕಡೆಗೆ ತಳ್ಳಿ. ಆಮೇಲೆ ಒಂದೂವರೆ ಮೀಟರ್ ದಾರವನ್ನು ಶಟಲ್‌ಗೆ ಸುತ್ತಿ. ಉಂಡೆಯಿಂದ ಕತ್ತರಿಸಬೇಡಿ; ಹೀಗೆ ಶುರು ಮಾಡಿದರೆ ಬಚ್ಚಿಡಬೇಕಾದ ತುದಿಗಳು ನಾಲ್ಕರ ಬದಲು ಎರಡೇ ಉಳಿಯುತ್ತವೆ.

2. ಮೊದಲ ರಿಂಗ್: 6 – 6, ಮುಚ್ಚಿ. ಇಲ್ಲಿನ ಪೀಕೋ 5 ಮಿ.ಮೀ. ಎತ್ತರ ಇರಲಿ, ಇನ್ನೂ ಐದು ರಿಂಗ್ ಇದರೊಳಗೆ ನುಗ್ಗಬೇಕು.

3. ತಿರುಗಿಸಿ. ಮೊದಲ ಚೈನ್: 5 – 5. ಈ ಪೀಕೋ 3 ಮಿ.ಮೀ.; ಮಣಿ ಬೇಡ, ಜಂಪ್ ರಿಂಗ್ ತೂರುವುದು ಇಲ್ಲಿಗೇ.

4. ತಿರುಗಿಸಿ. ಎರಡನೆಯ ರಿಂಗ್: 6 + 6, ಮುಚ್ಚಿ. ಕೂಡಿಕೆ ಮೊದಲ ರಿಂಗಿನ ದೊಡ್ಡ ಪೀಕೋಗೆ. ರಿಂಗನ್ನು ಚೈನಿನ ಕೊನೆಯ ಗಂಟಿಗೆ ಒತ್ತಿಕೊಂಡೇ ಶುರು ಮಾಡಿ, ನಡುವೆ ಬೆತ್ತಲೆ ದಾರ ಕಾಣಬಾರದು.

5. ತಿರುಗಿಸಿ. ಚೈನ್: 5, ಮಣಿಯೊಂದನ್ನು ಗಂಟಿನ ಪಕ್ಕಕ್ಕೆ ಜಾರಿಸಿ, 5. ಮಣಿಯ ಆಚೆ ಈಚೆ ಗಂಟು ಬಿಗಿಯಾಗಿ ಕೂತರೆ ಅದು ಕಮಾನಿನ ನೆತ್ತಿಯಲ್ಲಿ ನೆಟ್ಟಗೆ ನಿಲ್ಲುತ್ತದೆ.

6. ನಾಲ್ಕು ಮತ್ತು ಐದನೆಯ ಹೆಜ್ಜೆಗಳನ್ನು ಆರು ರಿಂಗ್, ಆರು ಚೈನ್ ಆಗುವವರೆಗೂ ಮುಂದುವರಿಸಿ. ಐದನೆಯ, ಆರನೆಯ ರಿಂಗ್ ಹೊತ್ತಿಗೆ ನಡುವಿನ ಪೀಕೋದಲ್ಲಿ ನೂಕುನುಗ್ಗಲು. ಕೊಕ್ಕೆಗೆ ಜಾಗ ಸಿಗದಿದ್ದರೆ ಸೂಜಿಯ ಮೊಂಡು ತುದಿಯಿಂದ ಮೊದಲು ದಾರಿ ಬಿಡಿಸಿಕೊಳ್ಳಿ.

7. ಎರಡೂ ದಾರಗಳನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ಒಂದನ್ನು ಮೊದಲ ರಿಂಗಿನ ಬುಡದಲ್ಲಿ ತೂರಿಸಿ, ಇನ್ನೊಂದರ ಜೊತೆ ಎರಡು ಗಂಟು ಬಿಗಿಯಿರಿ.

ಹೂವು ತಟ್ಟೆಯಂತೆ ಚಪ್ಪಟೆಯಾಗಿ ಮಲಗಬೇಕು. ಬಟ್ಟಲಿನಂತೆ ಕುಳಿ ಬಿದ್ದರೆ ನಿಮ್ಮ ಚೈನ್ ಬಿಗಿ, 6 – 6ಕ್ಕೆ ಏರಿಸಿ. ಅಂಚು ಅಲೆಯಂತೆ ಎದ್ದರೆ 4 – 4ಕ್ಕೆ ಇಳಿಸಿ. ಪ್ರತಿಯೊಬ್ಬರ ಕೈಯ ಬಿಗಿ ಬೇರೆ, ಮುದ್ರಿತ ಲೆಕ್ಕವೇ ವೇದವಾಕ್ಯವಲ್ಲ. ಒಂದು ಜೊತೆಯ ಎರಡು ಓಲೆಗಳನ್ನು ಮಾತ್ರ ಒಂದೇ ಸಲಕ್ಕೆ ಕೂತು ಮಾಡಿ. ಇಂದು ಒಂದು, ಮುಂದಿನ ವಾರ ಇನ್ನೊಂದು ಎಂದರೆ ಅಕ್ಕ ತಂಗಿಯರಾಗುತ್ತವೆ, ಅವಳಿಗಳಾಗುವುದಿಲ್ಲ.

ರಿಂಗ್ ಮುಚ್ಚಿದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾದರೆ ಕತ್ತರಿಗೆ ಕೈ ಹಾಕಬೇಡಿ. ಪೀಕೋದ ಎರಡೂ ಪಕ್ಕದ ಗಂಟುಗಳನ್ನು ಉಗುರಿನಿಂದ ಬೇರ್ಪಡಿಸಿದರೆ ನಡುವೆ ಒಳದಾರ ಕಾಣಿಸುತ್ತದೆ. ಅದನ್ನು ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಎಳೆದರೆ ಮುಚ್ಚಿದ ರಿಂಗ್ ಮತ್ತೆ ಕುಣಿಕೆಯಾಗುತ್ತದೆ.

ತುದಿ ಬಚ್ಚಿಡುವುದು, ಗಟ್ಟಿ ಮಾಡುವುದು

ಮನೆಯಲ್ಲಿ ಮಾಡಿದ್ದಕ್ಕೂ ದುಡ್ಡು ಕೊಟ್ಟು ಕೊಳ್ಳುವಂಥದ್ದಕ್ಕೂ ವ್ಯತ್ಯಾಸ ಇಲ್ಲಿ ಕಾಣಿಸುತ್ತದೆ. ತುದಿಗಳನ್ನು ಗಂಟಿನ ಬಳಿಯೇ ಕತ್ತರಿಸಿ ಅಂಟು ಹಚ್ಚಿದರೆ ನಾಲ್ಕು ದಿನಕ್ಕೆ ಮೀಸೆ ಮೂಡುತ್ತದೆ. ಸಣ್ಣ ಸೂಜಿಗೆ ತುದಿ ಪೋಣಿಸಿ, ಹೂವಿನ ಹಿಂಬದಿಯಲ್ಲಿ ಜೋಡಿ ಗಂಟುಗಳ ಕಾಲುಗಳ ಕೆಳಗೆ ಒಂದರ ನಂತರ ಒಂದಾಗಿ ತೂರಿಸುತ್ತಾ ಆರೇಳು ಗಂಟು ದೂರ ಸಾಗಿ. ಒಂದು ತುದಿ ರಿಂಗಿನ ಕಡೆ, ಇನ್ನೊಂದು ಚೈನಿನ ಕಡೆ ಹೋದರೆ ಒಂದೇ ಜಾಗ ದಪ್ಪವಾಗುವುದಿಲ್ಲ. ಆಮೇಲೆ ಕತ್ತರಿಸಿ, ಸೂಜಿಮೊನೆಯಷ್ಟು ಬಟ್ಟೆಯ ಅಂಟು ಮುಟ್ಟಿಸಿ. ನೈಲ್ ಪಾಲಿಶ್ ಬೇಡ, ಹೊಳೆಯುವ ಚುಕ್ಕೆ ಉಳಿದುಬಿಡುತ್ತದೆ.

ಕೈಬೆವರಿನ ಕೊಳೆ ಹೋಗಲು ಹೂವನ್ನು ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ತೊಳೆಯಿರಿ. ಬಿಳಿ ಅಂಟು ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಥರ್ಮೋಕೋಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಟ್ಟುಕೊಳ್ಳಿ. ಒದ್ದೆ ಹೂವನ್ನು ಬೋರಲು ಹಾಕಿ ಹಿಂಬದಿಯಿಂದ ಕುಂಚದಲ್ಲಿ ಅಂಟುನೀರು ಹಚ್ಚಿ, ಹೆಚ್ಚಾದದ್ದನ್ನು ಹತ್ತಿಬಟ್ಟೆಯಿಂದ ಒತ್ತಿ ತೆಗೆಯಿರಿ. ಕಮಾನುಗಳ ನೆತ್ತಿಗೆ ಒಂದೊಂದು ಗುಂಡುಸೂಜಿ ಚುಚ್ಚಿ ಆಕಾರ ನಿಲ್ಲಿಸಿ, ಮಣಿಗಳನ್ನು ಒರೆಸಿ, ರಂಧ್ರಗಳಲ್ಲಿ ಪೊರೆ ಕಟ್ಟಿದ್ದರೆ ಸೂಜಿಯಿಂದ ಒಡೆಯಿರಿ. ಒಣಗಿದ ಮೇಲೆ ಪೊರೆ ತೆಗೆಯಲು ಹೋದರೆ ದಾರಕ್ಕೇ ಪೆಟ್ಟು. ಮಳೆಗಾಲದಲ್ಲಿ ಒಂದು ರಾತ್ರಿ ಸಾಲದು, ಫ್ಯಾನಿನ ಗಾಳಿಗೆ ಇಡಿ.

ಸಕ್ಕರೆ ಪಾಕದಲ್ಲಿ ಗಟ್ಟಿ ಮಾಡುವ ಹಳೆಯ ರೂಢಿಯೂ ಇದೆ. ನಮ್ಮ ಇರುವೆಗಳಿಗೆ ಅದು ಹಬ್ಬ. ಸೀರೆಗೆ ಹಾಕುವ ಗಂಜಿ ಬುಕ್‌ಮಾರ್ಕ್‌ಗೆ ಚೆನ್ನ, ಕತ್ತಿನ ಬೆವರು ತಾಗುವ ಪದಕಕ್ಕೆ ಅಲ್ಲ. ಎಲ್ಲವನ್ನೂ ಪ್ಲಾಸ್ಟಿಕ್ಕಿನಂತೆ ಬಿರುಸು ಮಾಡುವ ಚಟ ಮಾತ್ರ ಬೇಡ: ಓಲೆಗೆ ಗಟ್ಟಿತನ ಬೇಕು, ಬ್ರೇಸ್‌ಲೆಟ್‌ಗೆ ಅಂಟು ಬೇಕೇ ಇಲ್ಲ.

ಹೂವು ಒಂದು, ಉಡುಗೊರೆ ಹಲವು

ಲೋಲಾಕು: ಜಂಪ್ ರಿಂಗಿನ ಸೀಳಿನ ಎರಡೂ ಪಕ್ಕ ಇಕ್ಕಳಗಳಿಂದ ಹಿಡಿದು ಒಂದನ್ನು ನಿಮ್ಮತ್ತ, ಇನ್ನೊಂದನ್ನು ಆಚೆಗೆ ತಿರುಚಿ ಬಾಯಿ ತೆರೆಯಿರಿ. ಅಗಲಕ್ಕೆ ಎಳೆದರೆ ಮತ್ತೆ ದುಂಡಗಾಗುವುದಿಲ್ಲ. ಮಣಿ ಇಲ್ಲದ ಪೀಕೋವನ್ನೂ ಕೊಂಡಿಯನ್ನೂ ತೂರಿಸಿ, ಅದೇ ರೀತಿ ತಿರುಚಿ ಮುಚ್ಚಿ. ಸೀಳಿನ ಮೇಲೆ ಉಗುರು ಆಡಿಸಿದರೆ ತಡೆಯಬಾರದು. ತಡೆದರೆ ದಾರವೂ ಅಲ್ಲಿಂದ ಜಾರುತ್ತದೆ. ಹೂವಿನ ನಡುವೆ 4 ಮಿ.ಮೀ. ಮುತ್ತೊಂದನ್ನು ಹೊಲಿದರೆ ಕೂಡಿಕೆಗಳ ಗುಂಪು ಮರೆಯಾಗುತ್ತದೆ. ತೂಕದ ಓಲೆ ತಾಳದ ಕಿವಿಗಳಿಗೆ, ಮುಖ್ಯವಾಗಿ ವಯಸ್ಸಾದ ಅಜ್ಜಿಯರಿಗೆ, ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ತೋಚುವುದಿಲ್ಲ.

ಬ್ರೇಸ್‌ಲೆಟ್: ಹೂವಿಗೆ ಆರು ಕಮಾನು ಇರುವುದರಿಂದ ಮೊದಲನೆಯದರ ಎದುರಿಗೆ ಸರಿಯಾಗಿ ನಾಲ್ಕನೆಯದು ಬರುತ್ತದೆ. ಈ ಎರಡರಲ್ಲೂ ಬರಿಯ ಪೀಕೋ ಇಟ್ಟು ಉಳಿದ ನಾಲ್ಕಕ್ಕೆ ಮಣಿ ಹಾಕಿ. ಎರಡನೆಯ ಹೂವಿನ ಮೊದಲ ಚೈನ್ ಮಾಡುವಾಗ 5 ಗಂಟಾದ ಮೇಲೆ ಹಿಂದಿನ ಹೂವಿನ ನಾಲ್ಕನೆಯ ಕಮಾನಿನ ಪೀಕೋಗೆ ಕೂಡಿಸಿ, ಮತ್ತೆ 5. ಸಾಧಾರಣ ಮಣಿಕಟ್ಟಿಗೆ ಏಳು ಹೂವು ಮತ್ತು ಒಂದು ಕೊಕ್ಕೆ ಸಾಕಾಗುತ್ತದೆ. ಅಳೆದು ನೋಡಿ ನಿಲ್ಲಿಸಿ.

ರಾಖಿಗೂ ಇದೇ ಹೂವು, ಎದುರುಬದುರು ಪೀಕೋಗಳಿಗೆ ರೇಷ್ಮೆ ದಾರ ಕಟ್ಟಿದರೆ ಮುಗಿಯಿತು. ಬುಕ್‌ಮಾರ್ಕ್‌ಗೆ 10ರ ದಾರದಲ್ಲಿ ಐದಾರು ಹೂವು ಸಾಲಾಗಿ ಕೂಡಿಸಿ, ಕೆಳಗೆ ಕುಚ್ಚು ಕಟ್ಟಿ. ಮಣಿ ಮಾತ್ರ ಹಾಕಬೇಡಿ, ಹಾಳೆಯ ಮೇಲೆ ಒತ್ತು ಮೂಡುತ್ತದೆ. ಅಂಟುನೀರನ್ನು ಒಂದಕ್ಕೆ ಮೂರು ಪಾಲು ತೆಳುಮಾಡಿ. ಕುಂಕುಮಕ್ಕೆ ಕರೆದವರಿಗೆ ವರಮಹಾಲಕ್ಷ್ಮಿಯಂದೋ ಬೊಂಬೆ ಹಬ್ಬದಲ್ಲೋ ತಾಂಬೂಲದ ಜೊತೆ ಕೊಡಲು, ಪ್ಲಾಸ್ಟಿಕ್ ಡಬ್ಬಿಗಿಂತ ಇದು ಎಷ್ಟೋ ವಾಸಿ. ಆದರೆ ಇಪ್ಪತ್ತು ಮಂದಿಗೆ ಎಂದರೆ ಆಷಾಢದಲ್ಲೇ ಶಟಲ್ ಹಿಡಿಯಬೇಕು.

ಕೊಡುವಾಗ ಕಪ್ಪು ಅಥವಾ ಗಾಢ ಹಸಿರು ರಟ್ಟಿನ ಮೇಲೆ ಓಲೆ ಸಿಕ್ಕಿಸಿದರೆ ಲೇಸಿನ ಕೆಲಸ ಎದ್ದು ಕಾಣುತ್ತದೆ. ರಟ್ಟಿನ ಹಿಂದೆ ಎರಡು ಸಾಲು ಬರೆದಿಡಿ: ಸುಗಂಧದ್ರವ್ಯ ಹಾಕಿಕೊಂಡ ಮೇಲೆ ಧರಿಸಿ, ಮೊದಲಲ್ಲ, ಸ್ನಾನಕ್ಕೆ ಮುಂಚೆ ತೆಗೆದಿಡಿ. ಕೊಳೆಯಾದರೆ ಕೊಂಡಿ ಕಳಚಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಬಹುದು. ಅಂಟು ಮೆದುವಾಗಿ ಹೂವು ಬಳುಕಿದರೆ ಗಾಬರಿ ಬೇಡ, ಮತ್ತೆ ಅಂಟುನೀರು ಹಚ್ಚಿ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಆಯಿತು.